ಮಿಂಚಿನ ಪುಡಿಯೋ, ವಾಸನೆಯ ಎಣ್ಣೆಯೋ? ಮನೆಯಲ್ಲಿ ಸಾಫ್ಟ್ ಪ್ಲಾಸ್ಟಿಕ್ ಲೂರ್ ಎರೆಯುವವರಿಗೆ

ಕೋಡಿ ಬೆಂಗ್ರೆಯ ಅಳಿವೆ ಹತ್ತಿರ ಒಂದು ಬೆಳಿಗ್ಗೆ ಗಾಳ ಎಸೆಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು ನನ್ನ ಡಬ್ಬಿಯಿಂದ ಒಂದು ರಬ್ಬರ್ ಮೀನು ಎತ್ತಿ, ಮೂಸಿ ನೋಡಿದರು. "ಇದಕ್ಕೆ ಬೆಳ್ಳುಳ್ಳಿ ಯಾಕೆ ಮಾರಾಯ? ಮೀನು ಕಣ್ಣಲ್ಲಿ ನೋಡಿ ಬರ್ತದಾ, ಮೂಸಿ ಬರ್ತದಾ?" ಅಂತ ಕೇಳಿದರು.

ಲೂರ್, ಅಂದರೆ ಮೀನನ್ನು ಸೆಳೆಯುವ ಇಂಥ ನಕಲಿ ಮೀನು, ಎರೆಯುವವರು ಸಾಮಾನು ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ನನ್ನ ಉತ್ತರ ಹೀಗಿದೆ. ದೂರದಿಂದ ಕರೆಯುವುದು ಮಿಂಚು ಮತ್ತು ಬಾಲದ ಅಲುಗಾಟ. ವಾಸನೆ, ರುಚಿ ಕೆಲಸ ಮಾಡುವುದು ಕೊನೆಯ ಒಂದು ಗೇಣಿನಲ್ಲಿ ಮತ್ತು ಬಾಯೊಳಗೆ. ಹಾಗಾಗಿ ನೀವು ರೀಲ್ ಎಷ್ಟು ಬೇಗ ಸುತ್ತುತ್ತೀರಿ ಅನ್ನುವುದರ ಮೇಲೆ ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ನಿಂತಿದೆ. ಬೇಗ ಎಳೆಯುವವರಿಗೆ ಪರ್ಲ್ ಪುಡಿ, ಅಂದರೆ ಮಿಂಚಿನ ಪುಡಿ, ಮೊದಲು. ತಳದಲ್ಲಿ ಬಿಟ್ಟು ನಿಧಾನವಾಗಿ ಕುಪ್ಪಳಿಸುವಂತೆ ಎಳೆಯುವವರಿಗೆ ಸೆಂಟ್, ಅಂದರೆ ವಾಸನೆಯ ದ್ರವ, ಮೊದಲು. ಇದನ್ನು ನೆನಪಲ್ಲಿಟ್ಟುಕೊಂಡರೆ ಅಂಗಡಿಯ ನೂರು ಬಾಟಲಿ ನೋಡಿ ತಲೆ ಕೆಡುವುದಿಲ್ಲ.

ಮೊದಲು ನಾವು ಯಾವ ವಸ್ತುವಿನ ಜೊತೆ ಕೆಲಸ ಮಾಡುತ್ತಿದ್ದೇವೆ ಅಂತ ಹೇಳಿಬಿಡುತ್ತೇನೆ. ಪ್ಲಾಸ್ಟಿಸಾಲ್ ಅಂದರೆ ಪಿವಿಸಿ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಜರ್‌ನಲ್ಲಿ ಕದಡಿದ ಹಾಲಿನಂಥ ದ್ರವ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದು ಗಟ್ಟಿಯಾಗಿ, ಮತ್ತೆ ಕರಗಿ, ಗಾಜಿನಂತೆ ತಿಳಿಯಾಗುತ್ತದೆ. ಅಚ್ಚಿಗೆ ಹೊಯ್ದು ಆರಿಸಿದರೆ ಮೆತ್ತನೆಯ ಲೂರ್. ಅಮೆರಿಕದ ಒಹಾಯೋದ ಆಕ್ರನ್ ಊರಿನಲ್ಲಿ 1949ರಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕಾಸ್ಮಾ ಮನೆಯಲ್ಲೇ ಪ್ಲಾಸ್ಟಿಕ್ ಎರೆಹುಳ ಎರೆದು ಮಾರಲು ಶುರು ಮಾಡಿದರು. ಇಂದಿನ ಹುಟ್ಟಿನಂಥ ಅಗಲ ಬಾಲದ ಪ್ಯಾಡಲ್ ಟೇಲ್, ಗಿಡ್ಡ ಹುಳದಂಥ ಗ್ರಬ್, ಸಿಗಡಿ ಆಕಾರದವು ಎಲ್ಲವೂ ಆ ಹುಳದ ಮರಿಮಕ್ಕಳು.

ಎರಡು ಮಾತು ಎಚ್ಚರಿಕೆ. ಇದನ್ನು ಅಡುಗೆ ಮಾಡುವ ಮೈಕ್ರೋವೇವ್‌ನಲ್ಲಿ, ಊಟದ ಪಾತ್ರೆಯಲ್ಲಿ ಮಾಡಬೇಡಿ. ಬೇರೆಯದ್ದನ್ನೇ ಇಟ್ಟುಕೊಳ್ಳಿ. 200 ಡಿಗ್ರಿ ದಾಟಿದರೆ ಪಿವಿಸಿ ಸೀದು, ಹೈಡ್ರೋಜನ್ ಕ್ಲೋರೈಡ್ ಹೊಗೆ ಬಿಡುತ್ತದೆ. ಅದು ಶ್ವಾಸಕೋಶ ಸುಡುವ ಹೊಗೆ. ಜಗಲಿಯಲ್ಲೋ ಶೆಡ್ಡಿನಲ್ಲೋ ಗಾಳಿ ಆಡುವ ಕಡೆ, ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡಿ. ಬಟ್ಟೆಯ ಮಾಸ್ಕ್ ಸಾಲುವುದಿಲ್ಲ.

ಪರ್ಲ್ ಪುಡಿಗಳಲ್ಲಿ ಯಾವುದು?

ಪರ್ಲ್ ಪುಡಿ ಅಂದರೆ ಬೇರೇನಲ್ಲ, ಕಾಗೆ ಬಂಗಾರ. ಚಿಕ್ಕವರಿದ್ದಾಗ ಮಣ್ಣಿನಲ್ಲಿ ಹೆಕ್ಕಿ, ಉಗುರಲ್ಲಿ ಪದರ ಪದರವಾಗಿ ಬಿಡಿಸುತ್ತಿದ್ದೆವಲ್ಲ, ಅದೇ ಅಭ್ರಕ. ಅದನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಹಾಳೆಗಳಾಗಿ ಒಡೆದು, ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ತೆಳು ಲೇಪ ಕೊಡುತ್ತಾರೆ. ಲೇಪ ತೀರಾ ತೆಳುವಾಗಿದ್ದರೆ ಬೆಳ್ಳಿಬಿಳಿ ಹೊಳಪು. ಇನ್ನೂ ಸ್ವಲ್ಪ ದಪ್ಪವಾದರೆ ಚಿನ್ನದ ಬಣ್ಣ, ಆಮೇಲೆ ಕೆಂಪು, ನೀಲಿ, ಹಸಿರು. ಇಲ್ಲಿ ಯಾವ ಬಣ್ಣವನ್ನೂ ಬೆರೆಸಿಲ್ಲ. ನೀರಿನ ಮೇಲೆ ಪೆಟ್ರೋಲ್ ಹನಿ ಬಿದ್ದಾಗ ಬಣ್ಣ ಕಾಣುತ್ತದಲ್ಲ, ಬೆಳಕಿನ ಅದೇ ಆಟ. ಲೇಪ ಕಬ್ಬಿಣದ ಆಕ್ಸೈಡ್‌ನದ್ದಾದರೆ ತಾಮ್ರ, ಕಂಚಿನ ಬಣ್ಣ ಬರುತ್ತದೆ.

ಮೀನಿನ ಮೈ ಹೊಳೆಯುವುದೂ ಹೆಚ್ಚುಕಡಿಮೆ ಹೀಗೇ. ಬೂತಾಯಿಯ ಹೊಟ್ಟೆಯ ಆ ಬೆಳ್ಳಿ ಗ್ವಾನಿನ್ ಎಂಬ ತೆಳು ಹರಳುಗಳದ್ದು. 17ನೇ ಶತಮಾನದ ಫ್ರಾನ್ಸಿನಲ್ಲಿ ಮೀನಿನ ಹುರುಪೆಯಿಂದ ಈ ಹೊಳಪನ್ನು ತೆಗೆದು ಗಾಜಿನ ಮಣಿಯೊಳಗೆ ಬಳಿದು ನಕಲಿ ಮುತ್ತು ಮಾಡುತ್ತಿದ್ದರು. ಮೀನಿಂದ ಮುತ್ತಿಗೆ ಹೋದ ಹೊಳಪನ್ನು ನಾವೀಗ ಮತ್ತೆ ಮೀನಿಗೇ ತರುತ್ತಿದ್ದೇವೆ.

ಬಿಳಿ ಪರ್ಲ್, ನಯವಾದ ಪುಡಿ. ಒಂದೇ ಒಂದು ಪೊಟ್ಟಣ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಕಣದ ಗಾತ್ರ 60 ಮೈಕ್ರಾನ್ ಒಳಗಿರಲಿ. ಅದಕ್ಕಿಂತ ದಪ್ಪ ಕಣದ್ದು ಮಿನುಗು ಮಿನುಗಾಗಿ ಕಾಣುತ್ತದೆ, ಮೀನಿನ ಹೊಟ್ಟೆಯ ಹಾಗೆ ಒಂದೇ ಸಮನೆ ಹೊಳೆಯುವುದಿಲ್ಲ. 240 ಮಿಲಿ ಪ್ಲಾಸ್ಟಿಸಾಲ್‌ಗೆ ಕಾಲು ಟೀ ಚಮಚ ಸಾಕು. ಇಷ್ಟರಲ್ಲಿ ಮೂರು ಇಂಚಿನ ಪ್ಯಾಡಲ್ ಟೇಲ್ ಸುಮಾರು 40 ಆಗುತ್ತವೆ. ಹತ್ತು ಗ್ರಾಂ ಪೊಟ್ಟಣ ಒಂದು ಸೀಸನ್ ಪೂರ್ತಿ ಬರುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಹೊಳೆಯುತ್ತದೆ ಅಂತ ಅಂದುಕೊಳ್ಳಬೇಡಿ. ಚಮಚ ಏರಿದಂತೆ ಬೆಳಕು ಒಳಗೇ ಹೋಗದೆ, ಲೂರ್ ಸುಣ್ಣ ಬಳಿದ ಹಾಗೆ ಸಪ್ಪೆಯಾಗುತ್ತದೆ. ಇದರ ಜೊತೆ ಬಿಳಿ ಬಣ್ಣದ ದ್ರವ ಬೆರೆಸುವುದೂ ಅದೇ ತಪ್ಪು. ಬಿಳಿ ಬಣ್ಣ ಪರ್ಲ್ ಅನ್ನು ಮುಚ್ಚಿಹಾಕುತ್ತದೆ.

ಹೈಲೈಟ್ ಪರ್ಲ್. ಡಬ್ಬಿಯಲ್ಲಿ ಇದೂ ಬಿಳಿ ಪುಡಿಯೇ. ತಿಳಿ ಪ್ಲಾಸ್ಟಿಕ್‌ಗೆ ಹಾಕಿದರೆ ಮಬ್ಬು ಹಾಲಿನ ಬಣ್ಣ, ಇದಕ್ಕೆ ದುಡ್ಡು ಕೊಟ್ಟೆನಾ ಅನಿಸುತ್ತದೆ. ಆದರೆ ಒಂದೆರಡು ಹನಿ ಕಪ್ಪು ಬಣ್ಣ ಸೇರಿಸಿ ಹೊಗೆಯ ಬಣ್ಣ ಮಾಡಿ, ಆಮೇಲೆ ಹಾಕಿ ನೋಡಿ. ಲೂರ್ ತಿರುಗಿಸಿದಾಗ ನೀಲಿಯೋ ನೇರಳೆಯೋ ಒಮ್ಮೆ ಮಿಂಚಿ ಮಾಯವಾಗುತ್ತದೆ. ಈಗಷ್ಟೇ ನೀರಿಂದ ತೆಗೆದ ಮಲ್ಲೆಟ್ ಮೀನಿನ ಬೆನ್ನು ಬಿಸಿಲಿಗೆ ಹಿಡಿದರೆ ಇದೇ ಬಣ್ಣ. ಬಿಳಿ ಪರ್ಲ್ ಆದ ಮೇಲೆ ನಾನು ಕೊಳ್ಳಲು ಹೇಳುವುದು ನೀಲಿ ಹೈಲೈಟ್.

ಬಣ್ಣ ಬದಲಿಸುವ ಪುಡಿ, ಅಂದರೆ ಹಸಿರಿನಿಂದ ನೇರಳೆಗೆ ತಿರುಗುವ ಕೆಮೀಲಿಯನ್ ಜಾತಿಯದ್ದು, ಕಣ್ಣಿಗೆ ಹಬ್ಬ. ಬೆಲೆಯೂ ಹಾಗೇ. ಕಪ್ಪು ತಳದ ಮೇಲೆ ಮಾತ್ರ ಚೆನ್ನಾಗಿ ಕಾಣುತ್ತದೆ. ಇದು ಮೀನಿಗಿಂತ ಕೊಳ್ಳುವವರನ್ನು ಜಾಸ್ತಿ ಹಿಡಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಾರಲು ಎರೆಯುವವರು ಇಟ್ಟುಕೊಳ್ಳಲಿ.

ಮಿಂಚಿನ ಚೂರು, ಅಂದರೆ ಗ್ಲಿಟರ್, ಬೇರೆಯೇ ಕೆಲಸ ಮಾಡುತ್ತದೆ. ಪರ್ಲ್ ಮೈಗೆಲ್ಲ ಹೊಳಪು ಕೊಡುತ್ತದೆ, ಗ್ಲಿಟರ್ ಅಲ್ಲಲ್ಲಿ ಕಿಡಿ ಹಾರಿಸುತ್ತದೆ. ಕೊಳ್ಳುವಾಗ ಪಾಲಿಯೆಸ್ಟರ್‌ನದ್ದೇ, ಶಾಖ ತಡೆಯುವಂಥದ್ದೇ ಕೇಳಿ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಚಾರ್ಟಿಗೆ ಸಿಗುವ ಗ್ಲಿಟರ್ ಬಿಸಿಗೆ ಮುದುಡಿ ಬಣ್ಣ ಬಿಡುತ್ತದೆ.

ದ್ರವ ಪರ್ಲ್ ಕೂಡ ಸಿಗುತ್ತದೆ. ಪುಡಿಯನ್ನು ಪ್ಲಾಸ್ಟಿಸೈಜರ್‌ನಲ್ಲಿ ಮೊದಲೇ ಕದಡಿ ಕೊಟ್ಟಿರುತ್ತಾರೆ. ಗಂಟು ಕಟ್ಟುವುದಿಲ್ಲ ಅನ್ನುವುದೊಂದೇ ಅನುಕೂಲ. ಒಂದು ಚಮಚ ಹಸಿ ಪ್ಲಾಸ್ಟಿಸಾಲ್‌ನಲ್ಲಿ ಪುಡಿಯನ್ನು, ದೋಸೆ ಹಿಟ್ಟಿಗೆ ಸೋಡಾ ಕಲಸುವ ಹಾಗೆ, ಮೊದಲು ಕಲಸಿ ಆಮೇಲೆ ಉಳಿದದ್ದಕ್ಕೆ ಸೇರಿಸಿದರೆ ಪುಡಿಯೂ ಗಂಟಾಗುವುದಿಲ್ಲ. ನಾನು ಪುಡಿಯನ್ನೇ ಕೊಳ್ಳುತ್ತೇನೆ.

ರೆಸಿನ್ ಆರ್ಟ್, ಸೋಪು, ಮೇಣದ ಬತ್ತಿ ಮಾಡುವವರಿಗೆ ಮಾರುವ ಮೈಕಾ (ಅಭ್ರಕ) ಪುಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಬಿಳಿ, ಚಿನ್ನ, ತಾಮ್ರದ ಬಣ್ಣದವನ್ನು ಧೈರ್ಯವಾಗಿ ಬಳಸಬಹುದು. ಗಾಢ ಗುಲಾಬಿ, ಗಾಢ ನೇರಳೆ ಬಣ್ಣದವುಗಳಲ್ಲಿ ಮಾತ್ರ ಎಷ್ಟೋ ಸಲ ಅಭ್ರಕದ ಜೊತೆ ಬೇರೆ ಡೈ ಸೇರಿಸಿರುತ್ತಾರೆ. ಅದು ಲೂರ್‌ನಿಂದ ಹೊರಗೆ ಇಳಿದು ಪಕ್ಕದ ಲೂರ್‌ಗೂ ಹತ್ತುತ್ತದೆ. ಪರೀಕ್ಷೆ ಸುಲಭ. ಚಿಟಿಕೆ ಪುಡಿಯನ್ನು ಎರಡು ಹನಿ ಪ್ಲಾಸ್ಟಿಸೈಜರ್ ಜೊತೆ ಕಲಸಿ ಬಿಳಿ ಟಿಶ್ಯೂ ಕಾಗದದ ಮೇಲೆ ಇಡಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಎಣ್ಣೆಯ ಕಲೆ ಬಣ್ಣವಿಲ್ಲದೆ ಹರಡಿದ್ದರೆ ಪುಡಿ ಒಳ್ಳೆಯದು. ಕಲೆಯ ಅಂಚಿಗೂ ಬಣ್ಣ ಹೋಗಿದ್ದರೆ ಬಿಟ್ಟುಬಿಡಿ.

ಇನ್ನೊಂದು ವಿಷಯ ಹೇಳಲೇಬೇಕು. ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಕಡೆಯ ಅಭ್ರಕ ಜಗತ್ತಿಗೆಲ್ಲ ಹೋಗುತ್ತದೆ. ಅಲ್ಲಿ ಚೂರು ಹೆಕ್ಕುವ ಕೆಲಸದಲ್ಲಿ ಚಿಕ್ಕ ಮಕ್ಕಳೂ ಇದ್ದಾರೆ ಅನ್ನುವುದು ಹಲವು ಸಲ ಬಯಲಾಗಿದೆ. ಕಾರ್ಖಾನೆಯಲ್ಲಿ ತಯಾರಿಸಿದ ಸಿಂಥೆಟಿಕ್ ಮೈಕಾ ಸಿಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ. ಆದರೆ ಅದರ ಬಿಳಿ ಇನ್ನೂ ಶುದ್ಧ, ಹಳದಿ ಛಾಯೆ ಇರುವುದಿಲ್ಲ. ಬಿಳಿ ಪರ್ಲ್ ಮಟ್ಟಿಗೆ ಎರಡೂ ಕಾರಣಕ್ಕೆ ನಾನು ಅದರ ಪರ.

ನೀರು ನೋಡಿ ಪರ್ಲ್ ಆರಿಸಿ

ಮಳೆಗಾಲದಲ್ಲಿ ನಮ್ಮ ಕರಾವಳಿಯ ಹೊಳೆಗಳು ಕೆಮ್ಮಣ್ಣು ಹೊತ್ತು ಬರುತ್ತವೆ. ಆ ನೀರಿನಲ್ಲಿ ಪರ್ಲ್‌ಗೆ ಕೆಲಸವೇ ಇಲ್ಲ. ಹೊಳೆಯಬೇಕಾದರೆ ಬೆಳಕು ಬೇಕಲ್ವಾ? ಆಗ ಕಪ್ಪು ಅಥವಾ ಗಾಢ ನೇರಳೆ ಲೂರ್ ಎರೆಯಿರಿ, ನೆರಳಿನ ಆಕಾರ ಕಂಡರೆ ಸಾಕು. ಅಕ್ಟೋಬರ್ ನಂತರ ನೀರು ತಿಳಿಯಾಗುತ್ತಾ ಬಂದಾಗ ಚಿನ್ನದ ಪರ್ಲ್. ಡಿಸೆಂಬರಿನಿಂದ ಫೆಬ್ರವರಿವರೆಗೆ, ಅಘನಾಶಿನಿಯಲ್ಲೋ ಶರಾವತಿಯ ಅಳಿವೆಯಲ್ಲೋ ಕಾಲಡಿಯ ಮರಳು ಕಾಣುವಾಗ, ಬಿಳಿ ಪರ್ಲ್ ಮತ್ತು ನೀಲಿ ಹೈಲೈಟ್. ಅದೂ ಅರ್ಧ ಪ್ರಮಾಣದಲ್ಲಿ. ತಿಳಿನೀರಿನಲ್ಲಿ ಅತಿಯಾಗಿ ಹೊಳೆಯುವುದನ್ನು ಮೀನು ಅನುಮಾನಿಸುತ್ತದೆ.

ನಾನು ಮಾಡುವ ಒಂದು ಕೆಲಸ ನೀವೂ ಮಾಡಿ. ಗಾಳ ಹಾಕುವ ಜಾಗದ ನೀರನ್ನೇ ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ತುಂಬಿಸಿ. ಎರಡು ಲೂರ್ ದಾರ ಕಟ್ಟಿ ಇಳಿಬಿಡಿ, ಒಂದು ಬರೀ ಬಣ್ಣದ್ದು, ಒಂದು ಪರ್ಲ್ ಹಾಕಿದ್ದು. ಬೆಳಿಗ್ಗೆ ಆರೂವರೆಯ ಬೆಳಕಿನಲ್ಲಿ ಎರಡು ಮಾರು ದೂರ ನಿಂತು ನೋಡಿ. ದಾರ ತಿರುಚಿ ಬಿಟ್ಟಾಗ ಒಂದರ ಹೊಟ್ಟೆ ಫಳ್ ಅಂತ ಹೊಳೆದು ಮಬ್ಬಾಗುತ್ತದೆ, ಮತ್ತೆ ಹೊಳೆಯುತ್ತದೆ. ಇನ್ನೊಂದು ಸುಮ್ನೆ ತೂಗುತ್ತದೆ. ಕೈಯಲ್ಲಿ ಹಿಡಿದಾಗ ಚಂದ ಕಂಡದ್ದು ಎಷ್ಟೋ ಸಲ ಜಾಡಿಯಲ್ಲಿ ಸೋಲುತ್ತದೆ.

ಸೆಂಟ್: ಒಳಗೆ ಎಣ್ಣೆಯದ್ದು, ಹೊರಗೆ ನೀರಿನದ್ದು

ಇಲ್ಲಿ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಾರೆ, ಕೆಲವರು ಕೈಯನ್ನೂ ಸುಟ್ಟುಕೊಳ್ಳುತ್ತಾರೆ. ಕಾಯ್ದ ಪ್ಲಾಸ್ಟಿಸಾಲ್‌ಗೆ ಸೇರಿಸುವ ಸೆಂಟ್ ಎಣ್ಣೆಯದ್ದೇ ಆಗಿರಬೇಕು. ನೀರಿನಂಶ ಇದ್ದರೆ ಬಿಸಿ ಎಣ್ಣೆಗೆ ನೀರು ಬಿದ್ದ ಹಾಗೆ ಸಿಡಿಯುತ್ತದೆ. ಒಮ್ಮೆ ಸಿಗಡಿ ವಾಸನೆಯ ಒಂದು ಬಾಟಲಿ ತರಿಸಿದ್ದೆ. ಅದರ ಮೇಲೆ ಎಣ್ಣೆಯದ್ದೋ ನೀರಿನದ್ದೋ ಅಂತ ಬರೆದಿರಲಿಲ್ಲ. ಅರ್ಧ ಚಮಚ ಹಾಕಿದ್ದೇ ತಡ, ಕಾಯಿಸುವ ಕಪ್‌ನಿಂದ ಸುಡುವ ಪ್ಲಾಸ್ಟಿಕ್ ಎದ್ದು ಮುಂಗೈಗೆ ಅಂಟಿಕೊಂಡಿತು. ಎಣ್ಣೆಯಾದರೆ ಜಾರಿ ಬೀಳುತ್ತದೆ, ಇದು ಅಂಟಿ ಕೂತು ಸುಡುತ್ತದೆ. ಕನ್ನಡಕ ಇತ್ತು, ಕಣ್ಣು ಉಳಿಯಿತು. ಅಂದಿನಿಂದ ಹೊಸ ಬಾಟಲಿ ಬಂದ ಕೂಡಲೇ ಒಂದು ಲೋಟ ನೀರಿಗೆ ಹನಿ ಬಿಟ್ಟು ನೋಡುತ್ತೇನೆ. ಹನಿ ಮೇಲೆ ತೇಲಿದರೆ ಅಥವಾ ಗುಂಡಾಗಿ ತಳಕ್ಕೆ ಹೋದರೆ ಎಣ್ಣೆ. ಕರಗಿ ಬೆರೆತರೆ ಒಲೆಯ ಹತ್ತಿರಕ್ಕೂ ತರುವುದಿಲ್ಲ.

ಆದರೆ ಮೀನಿನ ಕಡೆಯಿಂದ ನೋಡಿದರೆ ಲೆಕ್ಕ ಉಲ್ಟಾ. ಮೀನಿನ ಮೂಗಿಗೆ, ನಾಲಿಗೆಗೆ ತಟ್ಟುವುದು ನೀರಿನಲ್ಲಿ ಕರಗಿದ ವಸ್ತು. ಅದರಲ್ಲೂ ಅಮೈನೋ ಆಮ್ಲಗಳು. ಸಿಗಡಿ, ಏಡಿ, ಬೊಂಡಾಸಗಳ ಮಾಂಸದಲ್ಲಿ ಗ್ಲೈಸಿನ್, ಅಲನಿನ್, ಜೊತೆಗೆ ಬಿಟೈನ್ ತುಂಬಾ ಇರುತ್ತವೆ, ನಮಗೂ ಸಿಗಡಿ ಸಿಹಿ ಅನಿಸುವುದು ಅದಕ್ಕೇ. ಇವೆಲ್ಲ ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯ ಸೆಂಟ್ ಪ್ಲಾಸ್ಟಿಕ್ ಒಳಗೆ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ, ನಿಜ. ಆದರೆ ನೀರಿಗೆ ಬಿಟ್ಟುಕೊಡುವುದು ಕಡಿಮೆ. ಹಾಗಾಗಿ ಬಾಳಿಕೆಗೆ ಎಣ್ಣೆ, ಮೀನಿನ ಬಾಯಿಗೆ ನೀರಿನದ್ದು. ಒಳಗೆ ಎಣ್ಣೆಯದ್ದನ್ನು ಸ್ವಲ್ಪ ಹಾಕಿ, ಗಾಳ ಹಾಕುವ ಜಾಗದಲ್ಲಿ ಹೊರಗಿನಿಂದ ನೀರಿನ ಜೆಲ್ ಹಚ್ಚುವುದು ನನಗೆ ಸರಿ ಕಂಡ ದಾರಿ. ದಪ್ಪ ಜೆಲ್ ಹತ್ತಿಪ್ಪತ್ತು ಸಲ ಎಸೆಯುವವರೆಗೆ ಅಂಟಿಕೊಂಡಿರುತ್ತದೆ. ಆಮೇಲೆ ಮತ್ತೆ ಹಚ್ಚಬೇಕು, ಬೇರೆ ದಾರಿ ಇಲ್ಲ.

ಹಾಗಾದರೆ ಬೆಳ್ಳುಳ್ಳಿ, ಸೋಂಪು ಯಾಕೆ? ಯಾವ ಮೀನೂ ನೀರಿನಲ್ಲಿ ಬೆಳ್ಳುಳ್ಳಿ ತಿಂದು ಬೆಳೆದಿಲ್ಲ. ಇವು ಮುಖ್ಯವಾಗಿ ಕೆಟ್ಟ ವಾಸನೆ ಮುಚ್ಚಲು. ಪ್ಲಾಸ್ಟಿಕ್‌ನದ್ದು, ಪೆಟ್ರೋಲ್‌ನದ್ದು, ಸೋಪಿನದ್ದು, ನಮ್ಮ ಕೈಯದ್ದು. ಮನುಷ್ಯನ ಚರ್ಮದಲ್ಲಿರುವ ಸೆರಿನ್ ಅನ್ನುವ ಅಮೈನೋ ಆಮ್ಲಕ್ಕೆ ಸಾಲ್ಮನ್ ಮೀನುಗಳು ಬೆದರುತ್ತವೆ ಅನ್ನುವುದು 1950ರ ದಶಕದಲ್ಲೇ ಗೊತ್ತಾಗಿತ್ತು. ಮುಚ್ಚುವ ಕೆಲಸಕ್ಕೆ ಸೋಂಪು ಎಣ್ಣೆ ಬೆಳ್ಳುಳ್ಳಿಗಿಂತ ಮೇಲು. ಬಿಸಿಗೆ ಅಷ್ಟು ಬೇಗ ಕೆಡುವುದಿಲ್ಲ, ಮನೆಯೆಲ್ಲ ನಾರುವುದಿಲ್ಲ. ಚಕ್ರಮೊಗ್ಗಿನ ಎಣ್ಣೆಯೂ ಅದೇ ಕೆಲಸ ಮಾಡುತ್ತದೆ, ಎರಡರಲ್ಲೂ ಇರುವುದು ಅನೆಥೋಲ್. ಚಳಿಗೆ ಬಾಟಲಿಯಲ್ಲಿ ಗಟ್ಟಿಯಾದರೆ ಕೆಟ್ಟಿದೆ ಅಂತ ಚೆಲ್ಲಬೇಡಿ. ಅನೆಥೋಲ್ ಸುಮಾರು 20 ಡಿಗ್ರಿಗೇ ಹರಳುಗಟ್ಟುತ್ತದೆ. ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ.

ಬೆಳ್ಳುಳ್ಳಿಯ ಗಂಧಕದ ವಾಸನೆ ಬಿಸಿಗೆ ಬೇಗ ಹಾರಿಹೋಗುತ್ತದೆ. ಅದನ್ನು ಎರಕದ ಒಳಗೆ ಹಾಕುವುದಕ್ಕಿಂತ ಲೂರ್‌ಗೆ ಹೊರಗಿನಿಂದ ಸವರುವ ವರ್ಮ್ ಆಯಿಲ್‌ಗೆ ಬೆರೆಸುವುದು ಲೇಸು.

ಅಡುಗೆ ಮನೆಯ ಸಾಮಾನು ಬಳಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ತೆಂಗಿನೆಣ್ಣೆ, ಶೇಂಗಾ ಎಣ್ಣೆ, ಬೂತಾಯಿ ಎಣ್ಣೆ ಯಾವುದೂ ಪಿವಿಸಿ ಜೊತೆ ಒಂದಾಗುವುದಿಲ್ಲ. ಕೆಲವು ದಿನದಲ್ಲಿ ಮೈಮೇಲೆ ಒಸರಿ ಕಮಟು ವಾಸನೆ ಹಿಡಿಯುತ್ತವೆ. ಒಣ ಸಿಗಡಿ ಪುಡಿ ಹಾಕಿದರೆ 170 ಡಿಗ್ರಿಯಲ್ಲಿ ಸೀದುಹೋಗುತ್ತದೆ, ಪುಡಿಯಿದ್ದ ಕಡೆಯೇ ಬಾಲ ಹರಿಯುತ್ತದೆ. ಅದೇ ಸಿಗಡಿಯ ತಲೆ, ಸಿಪ್ಪೆ ಕುದಿಸಿ ಸೋಸಿದ ನೀರಿಗೆ ಉಪ್ಪು ಹಾಕಿ, ಗಾಳಕ್ಕೆ ಹೊರಡುವ ಬೆಳಿಗ್ಗೆ ಲೂರ್‌ಗಳನ್ನು ಅದರಲ್ಲಿ ಮುಳುಗಿಸಿಟ್ಟುಕೊಂಡು ಹೋಗಿ. ಖರ್ಚಿಲ್ಲ. ಅಂದಿನದ್ದು ಅಂದಿಗೇ ಚೆಲ್ಲಬೇಕು ಅಷ್ಟೆ.

ಎಣ್ಣೆ ಸೆಂಟ್‌ನ ಪ್ರಮಾಣ 240 ಮಿಲಿಗೆ ಅರ್ಧ ಟೀ ಚಮಚ. ಕಾಯಿಸುವುದೆಲ್ಲ ಮುಗಿದು, ಕಪ್ ಅನ್ನು ಹೊರಗೆ ತೆಗೆದು, ಸುರಿಯುವ ಮುಂಚೆ ಸೇರಿಸಿ. ಆವಿ ಏಳುತ್ತದೆ, ಮುಖ ದೂರವಿರಲಿ. ಚಮಚಗಟ್ಟಲೆ ಹಾಕಿದರೆ ಲೂರ್ ತೀರಾ ಮೆತ್ತಗಾಗಿ ಜಿಗ್ ಹೆಡ್, ಅಂದರೆ ಸೀಸದ ತಲೆಯ ಗಾಳದ ಮೇಲೆ ನಿಲ್ಲದೆ ಜಾರುತ್ತದೆ.

ಉಪ್ಪು ಮತ್ತು ಪರ್ಲ್ ಜೊತೆಗೆ ಬಾಳುವುದಿಲ್ಲ

ಉಪ್ಪು ಸೆಂಟ್‌ನ ಸಾಲಿಗೇ ಸೇರಿದ್ದು. ರುಚಿ ಕೊಡುತ್ತದೆ, ಜೊತೆಗೆ ತೂಕ. ಅಮೆರಿಕದ ಲೂರ್ ತಯಾರಕ ಗ್ಯಾರಿ ಯಾಮಮೋಟೊ ಅವರ ಸೆಂಕೊ ಹುಳ ತೂಕದ ಗುಂಡೇ ಇಲ್ಲದೆ ಅಲುಗುತ್ತಾ ಇಳಿಯುವುದು ಅದರೊಳಗಿನ ಉಪ್ಪಿನ ಭಾರದಿಂದ. ಆದರೆ ಉಪ್ಪು ಪ್ಲಾಸ್ಟಿಕ್‌ನಲ್ಲಿ ಕರಗುವುದಿಲ್ಲ, ಹರಳಾಗಿಯೇ ಇರುತ್ತದೆ. ತಿಳಿ ಪ್ಲಾಸ್ಟಿಕ್ ಮಂಜಾಗುತ್ತದೆ, ಪರ್ಲ್ ಹೊಳಪು ಸತ್ತುಹೋಗುತ್ತದೆ, ಲೂರ್ ಬೇಗ ಹರಿಯುತ್ತದೆ. ಜಿಗ್ ಹೆಡ್‌ಗೆ ಪೋಣಿಸುವ ಪ್ಯಾಡಲ್ ಟೇಲ್‌ಗೆ ಉಪ್ಪು ಬೇಡವೇ ಬೇಡ, ತೂಕ ಸೀಸದಲ್ಲೇ ಇದೆ. ತೂಕವಿಲ್ಲದೆ ಇಳಿಸುವ ಹುಳಕ್ಕೆ ಮಾತ್ರ ಹಾಕಿ, ಅದಕ್ಕೆ ಪರ್ಲ್ ದಂಡ ಮಾಡಬೇಡಿ. ಉಪ್ಪನ್ನು ನಯವಾಗಿ ಪುಡಿ ಮಾಡಿ, ಬಾಣಲೆಯಲ್ಲಿ ಚೆನ್ನಾಗಿ ಹುರಿದು ತೇವ ಹೋಗಲಾಡಿಸಿದ ಮೇಲೆಯೇ ಸೇರಿಸಬೇಕು. ನಮ್ಮ ಕರಾವಳಿಯ ಗಾಳಿಗೆ ಉಪ್ಪು ರಾತ್ರಿ ಬೆಳಗಾಗುವುದರೊಳಗೆ ತೇವ ಎಳೆದಿರುತ್ತದೆ, ತೇವದ ಉಪ್ಪು ಅಂದರೆ ಮತ್ತೆ ಸಿಡಿತ.

ಹರಿದ ಲೂರ್ ಕರಗಿಸಿ ಮತ್ತೆ ಎರೆಯುವಾಗಲೂ ಇವೆರಡರ ಗುಣ ಬೇರೆ. ಅಭ್ರಕಕ್ಕೆ ನಮ್ಮ ಬಿಸಿ ಏನೂ ಅಲ್ಲ, ಎಷ್ಟು ಸಲ ಕಾಯಿಸಿದರೂ ಹೊಳೆಯುತ್ತದೆ. ಸೆಂಟ್ ಮಾತ್ರ ಸುಟ್ಟು ನಾರುತ್ತದೆ. ಪ್ಲಾಸ್ಟಿಕ್ ಸಹ ಪ್ರತಿ ಸಲ ಸ್ವಲ್ಪ ಹಳದಿಯಾಗುತ್ತದೆ, ಬಿಳಿ ಪರ್ಲ್ ಇದ್ದರೆ ಆ ಹಳದಿ ಎದ್ದು ಕಾಣುತ್ತದೆ. ಹಳೆಯದನ್ನು ಚಿನ್ನದ ಪರ್ಲ್‌ಗೋ ಕಪ್ಪಿಗೋ ತಿರುಗಿಸಿ, ಬಿಸಿಗೆ ಪ್ಲಾಸ್ಟಿಕ್ ಕೆಡದಂತೆ ತಡೆಯುವ ಹೀಟ್ ಸ್ಟೆಬಿಲೈಜರ್ ನಾಲ್ಕು ಹನಿ ಹಾಕಿ.

ಯಾವ ಮೀನಿಗೆ ಯಾವುದು ಅಂತ ಒಂದಿಷ್ಟು ಹೇಳುತ್ತೇನೆ. ಅಳಿವೆಯ ಬಾರಮಂಡಿಗೆ ಪರ್ಲ್. ಅದು ಹೊಂಚು ಹಾಕಿ ಒಂದೇ ಏಟಿಗೆ ನುಂಗುವ ಮೀನು, ಮೂಸುತ್ತಾ ನಿಲ್ಲುವುದಿಲ್ಲ. ಕಪ್ಪು ಬೆನ್ನು, ಬಿಳಿ ಪರ್ಲ್ ಹೊಟ್ಟೆ, ಎರಡು ಸಲ ಹೊಯ್ದು ಮಾಡಿದ್ದು. ಕಲ್ಲಿನ ಸಂದಿಯ ಮ್ಯಾಂಗ್ರೋವ್ ಜ್ಯಾಕ್‌ಗೆ ತಾಮ್ರದ ಪರ್ಲ್, ಅದರ ಮೇಲೆ ಸಿಗಡಿ ಜೆಲ್. ಲೂರ್ ಅಲ್ಲಿ ಸಂದಿಯ ಪಕ್ಕ ಸ್ವಲ್ಪ ಹೊತ್ತು ನಿಲ್ಲುವುದರಿಂದ ಎರಡೂ ಬೇಕು. ತಳದಲ್ಲಿ ಹುಡುಕಿ ತಿನ್ನುವ ಕೊಡ್ಡಾಯಿಗೆ ಸೆಂಟ್ ಮುಖ್ಯ, ಪರ್ಲ್ ಇದ್ದರೂ ಸರಿ ಇಲ್ಲದಿದ್ದರೂ ಸರಿ. ಮೀಸೆಯ ಮೀನುಗಳಿಗಂತೂ ಮೈತುಂಬಾ ರುಚಿಯ ಮೊಗ್ಗುಗಳಿವೆ. ಕೆರೆಯ ಕೊರವನಿಗೆ ಎರಡೂ ಬೇಡ, ಜೊಂಡಿನ ಮೇಲೆ ಕಪ್ಪೆಯ ಹಾಗೆ ಕುಣಿದರೆ ಸಾಕು.

ಇನ್ನು ಎತ್ತಿಡುವ ವಿಷಯ. ಪರ್ಲ್ ಲೂರ್‌ಗಳನ್ನು ಗಾಢ ಬಣ್ಣದವುಗಳ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ, ಕಪ್ಪು ಎರಡು ವಾರದಲ್ಲಿ ಬಿಳಿಯ ಹೊಟ್ಟೆಗೆ ಇಳಿದಿರುತ್ತದೆ. ಸೋಂಪಿನದ್ದು, ಬೆಳ್ಳುಳ್ಳಿಯದ್ದು ಬೇರೆ ಬೇರೆ ಇರಲಿ. ದಪ್ಪ ಪಾಲಿಥೀನ್ ಜಿಪ್ ಚೀಲವೇ ಒಳ್ಳೆಯದು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೆಲವನ್ನು ಲೂರ್‌ನ ಪ್ಲಾಸ್ಟಿಸೈಜರ್ ಕರಗಿಸಿ ಅಂಟುಅಂಟು ಮಾಡಿಬಿಡುತ್ತದೆ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಮುಲಾಮು ಕೈಯಲ್ಲಿದ್ದಾಗ ಲೂರ್ ಮುಟ್ಟಬೇಡಿ. ಅದೂ ಪ್ಲಾಸ್ಟಿಕ್ ಕರಗಿಸುತ್ತದೆ. ಬಾಲ ಹರಿದದ್ದನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಂಡು ಬನ್ನಿ. ಮೀನು ಅದನ್ನು ನುಂಗಿದರೆ ಹೊಟ್ಟೆಯಲ್ಲೇ ಉಬ್ಬಿ ಕೂರುತ್ತದೆ. ನಿಮ್ಮ ಕಾಯಿಸುವ ಕಪ್‌ಗೆ ಬಿದ್ದರೆ ಇನ್ನೊಂದು ಲೂರ್ ಆಗುತ್ತದೆ.